ಉಪಸಂಹಾರದ ಕೊಸರು

ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿಗೆ ಕೂಗಳತೆಯ ದೂರದಲ್ಲಿ ನನ್ನ ಡಿಟಿಪಿ ಅಂಗಡಿ. 1915ರಲ್ಲಿ ಹುಟ್ಟಿದ ಪರಿಷತ್ತು ನಾಡಿಗೆ ಎಂಟು ಸಂಪುಟಗಳ ನಿಘಂಟು ಕೊಟ್ಟಿದೆ. ನಾನು ಕೊಟ್ಟಿರುವುದು ಡಾಕ್ಟರುಗಳನ್ನು. ಪಿಎಚ್.ಡಿ. ಮಹಾಪ್ರಬಂಧಗಳನ್ನು ಟೈಪು ಮಾಡಿ, ಕರಡು ತಿದ್ದಿ, ರೆಕ್ಸಿನ್ ರಟ್ಟಿನ ಮೇಲೆ ಚಿನ್ನದ ಅಕ್ಷರ ಕೂರಿಸಿ ಕೊಡುವುದು ನನ್ನ ಕಸುಬು.

ಪೀಠಿಕೆ ಹಿಡಿದುಕೊಂಡು ಬರುವಾಗ ಸಂಶೋಧಕರ ಮುಖದಲ್ಲಿ ಮದುವೆಗಂಡಿನ ಕಳೆ ಇರುತ್ತದೆ. ಉಪಸಂಹಾರದ ಹೊತ್ತಿಗೆ ಛತ್ರ ಖಾಲಿ ಮಾಡುತ್ತಿರುವ ಹೆಣ್ಣಿನ ತಂದೆಯ ಹಾಗಾಗಿರುತ್ತಾರೆ. ನಾಳೆ ಸಬ್ಮಿಷನ್, ಇವತ್ತು ರಾತ್ರಿ ಒಂಬತ್ತಕ್ಕೆ ಕೈಯಲ್ಲಿ ಅರ್ಧ ಹಾಳೆ. ಅದರ ಕೊನೆಯ ಸಾಲನ್ನು ನಾನು ಕಣ್ಣುಮುಚ್ಚಿಕೊಂಡೇ ಹೊಡೆಯಬಲ್ಲೆ: ‘ಈ ದಿಸೆಯಲ್ಲಿ ಇನ್ನೂ ಹೆಚ್ಚಿನ ಅಧ್ಯಯನ ನಡೆಯಬೇಕಾದ ಅಗತ್ಯವಿದೆ.’

ಕೆಲವರು ಆ ಅರ್ಧ ಹಾಳೆಯನ್ನೂ ತರುವುದಿಲ್ಲ. ದಾಸರ ಕೀರ್ತನೆಗಳ ಮೇಲೆ ಕೆಲಸ ಮಾಡಿದ್ದ ಒಬ್ಬರು ಹೀಗೇ ರಾತ್ರಿ ಬಂದು, “ಸಾರ್, ನೀವೇ ಏನಾದ್ರೂ ಹಾಕ್ಬಿಡಿ, ಎಲ್ಲರದ್ದೂ ಒಂದೇ ಥರ ಇರತ್ತಲ್ಲ” ಅಂದರು. ಸುಳ್ಳೇನಲ್ಲ. ನನ್ನ ಕಂಪ್ಯೂಟರಿನಲ್ಲಿ ‘ಉಪಸಂಹಾರ ಮಾದರಿ’ ಅಂತ ಒಂದು ಫೈಲೇ ಇತ್ತು. ಅದು ವಚನ ಸಾಹಿತ್ಯದ್ದು. ವಚನ ಇದ್ದ ಕಡೆ ಕೀರ್ತನೆ, ಶರಣ ಇದ್ದ ಕಡೆ ದಾಸ ಅಂತ ಒಂದೇ ಏಟಿಗೆ ಬದಲಾಯಿಸಿದೆ. ‘ಕೀರ್ತನೆದಲ್ಲಿ’ ಅಂತಾದದ್ದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ‘ಕೀರ್ತನೆಯಲ್ಲಿ’ ಮಾಡಿದೆ. ಬೈಂಡಿಂಗ್ ಆಗಿ ಹೋದ ಮೇಲೆ ಉಳಿದ ಒಂದು ಪ್ರತಿಯನ್ನು ತಿರುವಿದರೆ ಎದೆ ಧಸಕ್ಕೆಂದಿತು. ಏಕವಚನ ಏಕಕೀರ್ತನೆಯಾಗಿತ್ತು. ಪ್ರವಚನ ಪ್ರಕೀರ್ತನೆಯಾಗಿತ್ತು. ಶರಣಾಗತಿಗಂತೂ ದಾಸಾಗತಿ ಪ್ರಾಪ್ತವಾಗಿತ್ತು.

ತಿಂಗಳುಗಟ್ಟಲೆ ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ. ಒಂದು ದಿನ ಅವರೇ ಮೈಸೂರು ಪಾಕಿನ ಡಬ್ಬ ಹಿಡಿದು ಬಂದರು. “ವೈವಾ ಹೂವಿನ ಹಾಗೆ ಆಯ್ತು ಸಾರ್, ಉಪಸಂಹಾರದ ಮೇಲೆ ಒಂದೇ ಒಂದು ಪ್ರಶ್ನೆ ಬರ್ಲಿಲ್ಲ!” ಮೈಸೂರು ಪಾಕು ಗಂಟಲಲ್ಲಿ ಸಿಕ್ಕಿಕೊಂಡಿತು. ಬರೆಯಬೇಕಾದವರು ಬರೆದಿಲ್ಲ, ಓದಬೇಕಾದವರು ಓದಿಲ್ಲ. ನಡುವೆ ಓದಿದ ಪಾಪಿ ನಾನೊಬ್ಬನೇ.

ಈಗ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಬಂದಿದೆ. ಯುಜಿಸಿಯ 2018ರ ನಿಯಮದಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ‘ಇನ್ನೂ ಹೆಚ್ಚಿನ ಅಧ್ಯಯನ’ಕ್ಕೇ ಆ ಹತ್ತೂ ಖರ್ಚಾಗುತ್ತದೆ ಅಂತ ನನ್ನ ಗುಮಾನಿ. ಹಿಂದಿನ ಅಧ್ಯಾಯಗಳಲ್ಲಿ ಅವರು ಹೀಗೆಂದರು, ಇವರು ಹಾಗೆಂದರು ಅನ್ನಲೇಬೇಕು, ಒಪ್ಪಿದೆ. ‘ನಾನು ಕಂಡದ್ದು ಇಷ್ಟು’ ಅನ್ನುವುದಕ್ಕೆ ಇರುವುದೇ ಕೊನೆಯ ಅಧ್ಯಾಯ. ಅಲ್ಲಿಗೆ ಬಂದಾಗಲೇ ಪಕ್ಕದ ಮನೆಯಿಂದ ಕಡ ತರುತ್ತಾರೆ!

ಬಸವನಗುಡಿಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಸಂಜೆ ನನ್ನ ಸ್ಟೂಲಿನ ಮೇಲೆ ಕೂತು ಬೈಟೂ ಕಾಫಿ ಕುಡಿಯುತ್ತಾರೆ. ಒಂದು ಸಲ ತೆರೆಯ ಮೇಲಿದ್ದ ಆ ಸಾಲು ನೋಡಿ ಅಂದರು: “1905ರಲ್ಲಿ ಐನ್‌ಸ್ಟೈನ್ ದ್ರವ್ಯರಾಶಿಗೂ ಶಕ್ತಿಗೂ ನಂಟು ಹಾಕಿದ್ದು ಮೂರೇ ಪುಟದಲ್ಲಿ ಕಣಯ್ಯಾ. ಕೊನೆಗೆ, ರೇಡಿಯಂ ಲವಣದಂಥದ್ರಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಬಹುದು ಅಂತ ಬೆರಳು ತೋರಿಸಿ ಎದ್ದ. ನಿಮ್ಮೋರ ‘ಇನ್ನೂ ಹೆಚ್ಚಿನ ಅಧ್ಯಯನ’ ಅಂದ್ರೆ ‘ಯಾವಾಗಾದ್ರೂ ಮನೆ ಕಡೆ ಬನ್ನಿ’ ಅಂದ ಹಾಗೆ. ಬರಲಿ ಅಂತ ಮನಸ್ಸಿದ್ದೋರು ‘ಭಾನುವಾರ ಹನ್ನೊಂದಕ್ಕೆ ಊಟಕ್ಕೆ ಬನ್ನಿ’ ಅಂತಾರೆ.”

1939ರಿಂದ ನಡೆದುಬಂದಿರುವ ರಾಮೋತ್ಸವದ ಕಚೇರಿ ಕೇಳಲು ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋದಾಗೆಲ್ಲ ನನಗೂ ಈ ಚಿಂತೆಯೇ. ಮಂಗಳಕ್ಕೆ ಬಂದ ವಿದ್ವಾಂಸರು ಹೊಸದಾಗಿ ರಾಗಾಲಾಪನೆಗೆ ಇಳಿಯುವುದಿಲ್ಲ. ವರ್ಣದಿಂದ ಹಿಡಿದು ಹಾಡಿದ್ದನ್ನೆಲ್ಲ ಇನ್ನೊಮ್ಮೆ ಒಪ್ಪಿಸುವುದೂ ಇಲ್ಲ. ನಮ್ಮ ಸಂಶೋಧಕರು ಎರಡನ್ನೂ ಮಾಡುತ್ತಾರೆ, ಮಂಗಳವೊಂದನ್ನು ಬಿಟ್ಟು.

ಹೋದ ವರ್ಷ ಒಬ್ಬ ಹುಡುಗಿ ಬಂದಳು. ವಿಷಯ, ಬಸವನಗುಡಿಯ ಕಡಲೆಕಾಯಿ ಪರಿಷೆ. ಕಡೇ ಕಾರ್ತಿಕ ಸೋಮವಾರದ ನೂಕುನುಗ್ಗಲಲ್ಲಿ ದೊಡ್ಡ ಬಸವಣ್ಣನ ಗುಡಿಯ ಸುತ್ತ ಓಡಾಡಿ, ದರ, ತಳಿ, ಮಾರುವವರ ಊರು ಎಲ್ಲವನ್ನೂ ಕೋಷ್ಟಕಕ್ಕೆ ಇಳಿಸಿದ್ದಳು. ಉಪಸಂಹಾರ ಮಾತ್ರ ‘ಪರಿಷೆಯು ಗ್ರಾಮೀಣ ಜನಜೀವನದ ಪ್ರತಿಬಿಂಬವಾಗಿದೆ’ ಅಂತ ಶುರುವಾಗುತ್ತಿತ್ತು.

“ಇದು ಪರಿಷೆಗೆ ಹೋಗದೆ ಇದ್ರೂ ಗೊತ್ತಿತ್ತಲ್ಲಮ್ಮಾ” ಅಂದೆ. “ಹೋದ ಮೇಲೆ ನಿನಗೆ ಗೊತ್ತಾಗಿದ್ದೇನು?”

ಪೆನ್ನಿನ ಮುಚ್ಚಳ ಕಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಒಂದಿದೆ ಸಾರ್, ಆದ್ರೆ ಅದು ಥೀಸಿಸ್‌ಗೆ ಬರಲ್ಲ. ಸೇರು ಅಳೆದು ಚೀಲಕ್ಕೆ ಸುರಿದ ಮೇಲೆ ಮೇಲೊಂದು ಹಿಡಿ ಕೊಸರು ಹಾಕ್ತಾರಲ್ಲ? ನಾನು ರೇಟ್ ಬರ್ಕೊಳ್ತಾ ಇದ್ದೆ. ಮಾರ್ತಿದ್ದ ಅಜ್ಜಿ ‘ಕೊಸರು ಬರ್ಕೊಂಡ್ಯೇನವ್ವಾ?’ ಅಂದ್ರು. ನನ್ನ ಕೋಷ್ಟಕದಲ್ಲಿ ಅದಕ್ಕೆ ಕಾಲಮ್ಮೇ ಇರ್ಲಿಲ್ಲ. ಯಾರಿಗೆ ಎಷ್ಟು ಕೊಸರು ಹಾಕ್ತಾರೆ, ಯಾಕೆ ಹಾಕ್ತಾರೆ, ನಾನು ಕೇಳಲೇ ಇಲ್ಲ.”

“ಅದನ್ನೇ ಬರಿ. ಮುಂದೆ ಬರೋರು ಕೇಳ್ಕೊಳ್ಳಲಿ.”

ಸ್ಟೂಲಿನ ಮೇಲೆ ಕೂತು, ಹಾಳಾದ ಪ್ರಿಂಟಿನ ಹಿಂಬದಿಯಲ್ಲಿ ಬರೆದಳು. ಒಂದೂವರೆ ಪುಟ ಆಯಿತು. ಅಜ್ಜಿ, ಕೊಸರು, ಕಾಲಮ್ಮು ಎಲ್ಲ ಬಂದಿತ್ತು. ‘ಅಗತ್ಯವಿದೆ’ ಬಂದಿರಲಿಲ್ಲ. ಟೈಪು ಮಾಡುವಾಗ ಒಮ್ಮೆಯೂ ಕಣ್ಣುಮುಚ್ಚಲು ಆಗಲಿಲ್ಲ.

ಹನ್ನೊಂದು ಗಂಟೆಗೆ ಬಿಲ್ ಬರೆದು ಕೊಟ್ಟೆ. ಓದಿ ನೋಡಿ, “ಸಾರ್, ಪುಟದ ಲೆಕ್ಕ ತಪ್ಪಿದೆ. ಕೊನೇ ಎರಡು ಸೇರ್ಸಿಲ್ಲ” ಅಂದಳು.

“ಅದು ಕೊಸರಮ್ಮಾ” ಅಂದು ಷಟರ್ ಎಳೆದೆ.