ಒರಿಜಿನಲ್ ಜೆರಾಕ್ಸ್ ತನ್ನಿ

ಮೊನ್ನೆ ಒಂದು ಕಚೇರಿಯ ಕಿಟಕಿಯಿಂದ ನನ್ನ ಅರ್ಜಿ ವಾಪಸ್ ಬಂತು. “ಇದು ಜೆರಾಕ್ಸಿನ ಜೆರಾಕ್ಸು. ಒರಿಜಿನಲ್ ಜೆರಾಕ್ಸ್ ತನ್ನಿ” ಎಂದರು ಗುಮಾಸ್ತರು. ನಗು ಬಂತು. ಆದರೆ ಸಾಲಿನಲ್ಲಿದ್ದ ಬೇರೆ ಯಾರೂ ನಗಲಿಲ್ಲ. ಅವರಿಗೆಲ್ಲ ಮಾತು ಅರ್ಥವಾಗಿತ್ತು.

ಗುಮಾಸ್ತರದೇನೂ ತಪ್ಪಿಲ್ಲ. ಲೇಖಕ ಕೈಯಾರೆ ಬರೆದ ಮೊಟ್ಟಮೊದಲ ಬರಹಕ್ಕೇ ನಾವು ‘ಹಸ್ತಪ್ರತಿ’ ಎನ್ನುತ್ತೇವೆ. ಅಸಲು ಇದೇ ಎಂದು ಒತ್ತಿ ಹೇಳಬೇಕಾದರೆ ‘ಮೂಲಪ್ರತಿ’. ಮೂಲವೂ ಪ್ರತಿಯೇ ಆದಮೇಲೆ ಜೆರಾಕ್ಸಿಗೊಂದು ಒರಿಜಿನಲ್ ಇರಬಾರದೇ? ಅಂದಹಾಗೆ, ‘ಪ್ರತಿ’ ಎಂದರೆ ಎದುರು ಎಂದೂ ಅರ್ಥ. ‘ಪ್ರತಿಪಕ್ಷ’ದಲ್ಲಿರುವುದು ಎದುರೋ ಕಾಪಿಯೋ ಎಂಬುದು ಪಕ್ಷಾಂತರದ ದಿನ ತಿಳಿಯುತ್ತದೆ.

‘ನಕಲು’ ಅರಬ್ಬಿಯಿಂದ ಬಂದು ಕಂದಾಯದ ಕಡತಗಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಪದ. ಕೋರ್ಟಿನಲ್ಲಿ ಶುಲ್ಕ ಕಟ್ಟಿ ಪಡೆದರೆ ಅದು ದಾಖಲೆ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನಿಂದ ಪುಕ್ಕಟೆ ಪಡೆದರೆ ಡಿಬಾರ್. ಕೊನೆಯ ಉಕಾರ ಜಾರಿ ಇಕಾರವಾಯಿತೋ, ಕೈಗೆ ಕೋಳ. ಹಿಂದೆ ನಾಟಕದಲ್ಲಿ ಜನರನ್ನು ನಗಿಸುವವನಿಗೆ ‘ನಕಲಿ’ ಎನ್ನುತ್ತಿದ್ದರು. ಈಗಿನ ನಕಲಿಗಳು ಸ್ಟೆತಾಸ್ಕೋಪ್ ಹಾಕಿಕೊಂಡು ಸೂಜಿ ಚುಚ್ಚುತ್ತಾರೆ.

ಇಮ್ಮಡಿ ಮಾಡುವುದರಲ್ಲಿ ನಮ್ಮ ಕೈ ಧಾರಾಳ. ಎರಡನೆಯ ಪುಲಕೇಶಿ ನಮಗೆ ಇಮ್ಮಡಿ ಪುಲಕೇಶಿ. ಹರ್ಷನನ್ನೇ ತಡೆದು ನಿಲ್ಲಿಸಿದವನು, ಒಪ್ಪುತ್ತದೆ. ಮೈಸೂರಿನ ಕೃಷ್ಣರಾಜರು ಮುಮ್ಮಡಿಯಾದರು, ನಾಲ್ವಡಿಯಾದರು. ಈ ಲೆಕ್ಕದಲ್ಲಿ ಅಜ್ಜನ ಕ್ಷೇತ್ರದಲ್ಲೇ ಟಿಕೆಟ್ ಗಿಟ್ಟಿಸುವ ಮೊಮ್ಮಗನೂ ಮುಮ್ಮಡಿಯೇ. ಆಸ್ತಿ ಘೋಷಣೆಯ ಪ್ರಮಾಣಪತ್ರ ನೋಡಿದರೆ ಗುಣಾಕಾರ ಮೂರಕ್ಕೇ ನಿಂತಿಲ್ಲ ಎಂಬುದೂ ಗೊತ್ತಾಗುತ್ತದೆ.

ಈ ಜೆರಾಕ್ಸಿನ ಮೂಲಪುರುಷ ಚೆಸ್ಟರ್ ಕಾರ್ಲ್‌ಸನ್. ಪೇಟೆಂಟ್ ಕಾಗದಗಳ ಪ್ರತಿ ಮಾಡಿಸಿ ಮಾಡಿಸಿ ಬೇಸತ್ತು, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಮೊದಲ ಒಣ ಪ್ರತಿ ತೆಗೆದ. ಅದರ ಮೇಲೆ ಮೂಡಿದ್ದು ಆ ತಾರೀಖು ಮತ್ತು ಆ ಜಾಗದ ಹೆಸರು, ಅಷ್ಟೇ. ಸಹಿ ಇಲ್ಲ, ಸೀಲಿಲ್ಲ. ನಮ್ಮ ಕಿಟಕಿಗೆ ಬಂದಿದ್ದರೆ ಅದೂ ವಾಪಸ್.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಎಚ್ಚರಿಕೆ ಕೊಟ್ಟಿತು: ಆಧಾರ್ ಜೆರಾಕ್ಸನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆಯಾದೀತು. ದೇಶವೇ ಬೆಚ್ಚಿತು. ಲಾಡ್ಜು, ಸಿಮ್ ಅಂಗಡಿ, ಗ್ಯಾಸ್ ಏಜೆನ್ಸಿಗಳಲ್ಲಿ ಅಷ್ಟು ಹೊತ್ತಿಗೆ ನಮ್ಮೆಲ್ಲರ ಪಡಿಯಚ್ಚುಗಳು ಒಟ್ಟಿಬಿದ್ದಿದ್ದವು. ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂದು ಮೇ 29ಕ್ಕೆ ಆ ಎಚ್ಚರಿಕೆಯೇ ವಾಪಸ್. ಅರ್ಜಿಗಳಷ್ಟೇ ವಾಪಸ್ ಬರುತ್ತವೆಂದು ನಾನು ತಿಳಿದಿದ್ದೆ.

ಇರಲಿ. ಎದುರಿನ ಅಂಗಡಿಯಲ್ಲಿ ಹೊಸ ಜೆರಾಕ್ಸ್ ತೆಗೆಸಿ, ಇದು ನಿಜವೆಂದು ನಾನೇ ಸಹಿ ಹಾಕಿ ಮತ್ತೆ ಕಿಟಕಿಗೆ ಕೊಟ್ಟೆ. ನನ್ನ ಸಹಿಯನ್ನು ನಂಬದೆ ಗುಮಾಸ್ತರು ಒರಿಜಿನಲ್ ಕೇಳಿದರು. ಅದರಲ್ಲಿದ್ದ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

“ಏನ್ರೀ, ನೀವು ಫೋಟೋ ಥರ ಇಲ್ಲವಲ್ಲ?”

“ಹತ್ತು ವರ್ಷ ಆಯ್ತು ಸಾರ್...”

“ಅದೆಲ್ಲ ಬೇಡ. ಹೊಸ ಫೋಟೋ ತನ್ನಿ. ಎರಡು ಕಾಪಿ.”