ತಾತನಿಗೆ ಮೊಮ್ಮಗನಾಗುವ ವಿಧಾನ: ಬಳಕೆದಾರರ ಕೈಪಿಡಿ

ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯನ್ನು, ಅಂದರೆ ಎನ್‌ಆರ್‌ಸಿಯನ್ನು, ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ನೀವು ಆರಿಸಿಕೊಂಡಿಲ್ಲ, ಅದೇ ನಿಮ್ಮನ್ನು ಆರಿಸಿಕೊಂಡಿತು ಎನ್ನುವುದು ನಿಜವೇ. ಆದರೂ ಕೈಪಿಡಿ ಎಂದ ಮೇಲೆ ಅಭಿನಂದನೆಯಿಂದಲೇ ಶುರುವಾಗಬೇಕು. 2003ರ ಪೌರತ್ವ ನಿಯಮಗಳ ಪ್ರಕಾರ ಉಳಿದ ರಾಜ್ಯಗಳಲ್ಲಿ ಗಣತಿಯವರು ಮನೆ ಬಾಗಿಲಿಗೆ ಬಂದು ಬರೆದುಕೊಳ್ಳಬೇಕು. ಅಸ್ಸಾಮಿನವರು ತಾವೇ ಅರ್ಜಿ ಹಾಕಬೇಕು. ಹೀಗೆ 3.3 ಕೋಟಿ ಜನ ಸಾಲಿನಲ್ಲಿ ನಿಂತರು.

ಸಾಧನದ ಉಪಯೋಗ

ಹೊರದೇಶದಿಂದ ಬಂದು ನೆಲೆಸಿದವರೆಷ್ಟು ಎಂದು ತಿಳಿದರೆ ತಾನೇ ಸರ್ಕಾರ ಏನಾದರೂ ನೀತಿ ಮಾಡುವುದು? 2004ರಲ್ಲಿ ಕೇಂದ್ರದ ಗೃಹ ಖಾತೆ ರಾಜ್ಯ ಸಚಿವರು ರಾಜ್ಯಸಭೆಯಲ್ಲಿ ಅಸ್ಸಾಮೊಂದರಲ್ಲೇ 50 ಲಕ್ಷ ಎಂದರು. ಆಮೇಲೆ ಅದು ಕೇಳಿದ ಮಾತು ಎಂದು ಹಿಂದೆ ಸರಿದರು. ಹಾಗಾಗಿ ಎಣಿಸಿಯೇ ನೋಡೋಣ ಎಂದಾಯಿತು. 1985ರ ಅಸ್ಸಾಂ ಒಪ್ಪಂದದಂತೆ ಒಳಗಿನವರು, ಹೊರಗಿನವರು ಎಂದು ಗೆರೆ ಎಳೆದದ್ದು 1971ರ ಮಾರ್ಚ್ 24ರ ಮಧ್ಯರಾತ್ರಿಗೆ. ಸುಪ್ರೀಂ ಕೋರ್ಟೇ ಉಸ್ತುವಾರಿ ವಹಿಸಿತು.

ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತುಗಳು

ಮೊದಲು ಅಟ್ಟದ ಮೇಲಿನ ಟ್ರಂಕು ಇಳಿಸಿ. ಅದರಲ್ಲಿ 1951ರ ಎನ್‌ಆರ್‌ಸಿಯ ನಕಲು, 1971ಕ್ಕೆ ಮುಂಚಿನ ಮತದಾರರ ಪಟ್ಟಿ, ಜಮೀನಿನ ಕಾಗದ, ಎಲ್‌ಐಸಿ ಪಾಲಿಸಿ, ಅಂಚೆ ಕಚೇರಿಯ ಪಾಸ್‌ಬುಕ್ಕು, ಇವುಗಳಲ್ಲಿ ಯಾವುದಾದರೂ ಇರಬೇಕು. ಅದರಲ್ಲಿ ನಿಮ್ಮ ತಾತನೋ ಅಪ್ಪನೋ ಇರಬೇಕು. ಬ್ರಹ್ಮಪುತ್ರೆಯ ಚರ್‌ಗಳಲ್ಲಿ, ಅಂದರೆ ಹೊಳೆ ನಡುವಿನ ಮರಳುದಿಬ್ಬಗಳಲ್ಲಿ, ಇರುವವರಿಗೆ ವಿಶೇಷ ಸೂಚನೆ: ಹೊಳೆ ನಿಮ್ಮ ಊರನ್ನೇ ತಿಂದುಹಾಕಿದ್ದರೂ ಕಾಗದವನ್ನು ಒಣಗಿಸಿಯೇ ಇಟ್ಟುಕೊಂಡಿರತಕ್ಕದ್ದು.

ಪೆಟ್ಟಿಗೆಯ ವಸ್ತುಗಳನ್ನು ತಯಾರಕರು ಮುನ್ಸೂಚನೆ ಇಲ್ಲದೆ ಬದಲಿಸಬಹುದು. 2018ರಲ್ಲಿ, ಅರ್ಧ ಕೆಲಸ ಮುಗಿದ ಮೇಲೆ, ಕರಡು ಪಟ್ಟಿಯಿಂದ ಬಿಟ್ಟುಹೋದವರು ಮತ್ತೆ ಅರ್ಜಿ ಹಾಕುವಾಗ ಐದು ಬಗೆಯ ದಾಖಲೆಗಳನ್ನು ಒಪ್ಪಬಾರದೆಂದು ಎನ್‌ಆರ್‌ಸಿಯ ಸಂಯೋಜಕ ಪ್ರತೀಕ್ ಹಜೇಲಾ ಸುಪ್ರೀಂ ಕೋರ್ಟಿಗೆ ಹೇಳಿದರು. ಆ ಐದರಲ್ಲಿ ಒಂದು 1951ರ ಎನ್‌ಆರ್‌ಸಿಯೇ! ಎನ್‌ಆರ್‌ಸಿ ಪರಿಷ್ಕರಣೆಗೆ ಎನ್‌ಆರ್‌ಸಿ ನಂಬಲಾರದ ದಾಖಲೆ. ಕೋರ್ಟು ನವೆಂಬರಿನಲ್ಲಿ ಐದನ್ನೂ ವಾಪಸು ಸೇರಿಸಿತು.

ಜೋಡಣೆ

ಈಗ ತಾತನಿಗೆ ನಿಮ್ಮನ್ನು ಜೋಡಿಸಬೇಕು. ಮೂಗು, ಕಿವಿ, ನಡಿಗೆ ಅವರದ್ದೇ ಆಗಿದ್ದರೂ ಅದು ಲೆಕ್ಕಕ್ಕಿಲ್ಲ. ಜನನ ಪ್ರಮಾಣಪತ್ರವೋ ಶಾಲೆಯ ಸರ್ಟಿಫಿಕೇಟೋ ಬೇಕು. ತಾತ ಒಂದು ಕಾಗುಣಿತದಲ್ಲೂ ಅಪ್ಪ ಇನ್ನೊಂದರಲ್ಲೂ ಇದ್ದರೆ, ಅವರಿಬ್ಬರೂ ಒಬ್ಬರಿಗೊಬ್ಬರು ಯಾರೂ ಅಲ್ಲ.

ಹೆಂಗಸರ ಜೋಡಣೆ ತುಸು ಕಷ್ಟ. ಶಾಲೆಯ ಮುಖ ನೋಡದೆ, ಹದಿನೆಂಟಕ್ಕೆ ಮುಂಚೆ ಮದುವೆಯಾಗಿ ಬೇರೆ ಊರಿಗೆ ಹೋದವಳ ಹೆಸರು ಮೊದಲ ಸಲ ಸರ್ಕಾರಿ ಪಟ್ಟಿಯಲ್ಲಿ ಕಾಣುವುದೇ ಯಾರದೋ ಹೆಂಡತಿಯಾಗಿ. ಇಂಥವಳು ಬಳುವಳಿಯ ಜೊತೆ ಅಪ್ಪನನ್ನೂ ಕಾಗದದಲ್ಲಿ ಕಟ್ಟಿಕೊಂಡು ಬರಬೇಕಿತ್ತು. ತರದವರಿಗೆ ಪಂಚಾಯತಿ ಕಾರ್ಯದರ್ಶಿ ಕೊಡುವ ಪತ್ರ ಸಾಕು ಎಂದರು. 2017ರ ಫೆಬ್ರವರಿಯಲ್ಲಿ ಗುವಾಹಟಿ ಹೈಕೋರ್ಟ್ ಸಾಲದು ಎಂದಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪರಿಶೀಲಿಸಿ ಒಪ್ಪಬಹುದು ಎಂದಿತು. ಈ ನಡುವೆ ಸುಮಾರು 29 ಲಕ್ಷ ಹೆಂಗಸರು ಯಾರ ಮಕ್ಕಳೂ ಆಗದೆ ಕಾದರು.

ಜೋಡಣೆಯ ಕೊನೆಯ ಹಂತ ವಂಶವೃಕ್ಷ. ನಿಮ್ಮ ತಾತನ ಹೆಸರು ಹಿಡಿದು ಬಂದವರೆಲ್ಲರ ಪಟ್ಟಿಯನ್ನೂ ಕಂಪ್ಯೂಟರು ಒಂದಕ್ಕೊಂದು ತಾಳೆ ನೋಡುತ್ತದೆ. ಚಿಕ್ಕಪ್ಪನ ಮಗ ತನ್ನ ಪಟ್ಟಿಯಲ್ಲಿ ನಿಮ್ಮಪ್ಪನನ್ನು ಬಿಟ್ಟಿದ್ದರೆ ವಿಚಾರಣೆ ಇಬ್ಬರಿಗೂ. ಆದ್ದರಿಂದ ದಾಯಾದಿಗಳ ಜೊತೆ ಮಾತು ಬಿಟ್ಟಿದ್ದರೆ ಅರ್ಜಿ ಹಾಕುವ ಮೊದಲು ರಾಜಿಯಾಗಿ. ಜಮೀನು ಭಾಗ ಮಾಡುವಾಗ ನಾಡಕಚೇರಿಯ ವಂಶವೃಕ್ಷದಿಂದ ತಂಗಿಯ ಹೆಸರು ಹೇಗೆ ಉದುರುತ್ತದೆ ಎಂದು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಚ್ಚರಿಕೆ

ವಿಚಾರಣೆಯ ನೋಟಿಸು ಬಂದರೆ ಕೂಡಲೇ ಹೊರಡಿ. 2019ರ ಆಗಸ್ಟಿನಲ್ಲಿ ಕಾಮರೂಪ, ಗೋಲ್ಪಾರಾ ಕಡೆಯ ಕುಟುಂಬಗಳಿಗೆ ಮೇಲ್ಭಾಗದ ಅಸ್ಸಾಮಿನ ಗೋಲಾಘಾಟ್, ಜೋರ್‌ಹಾಟ್, ಶಿವಸಾಗರಗಳಿಗೆ ಬನ್ನಿ ಎಂದು ನೋಟಿಸು ಹೋಯಿತು. ನೂರಾರು ಕಿಲೋಮೀಟರ್ ದೂರ. ಕೈಯಲ್ಲಿ ಒಂದೆರಡು ದಿನ. ಕೂಸು ಎತ್ತಿಕೊಂಡವರು, ನಡೆಯಲಾಗದ ಮುದುಕರು ಎಲ್ಲರೂ ಬಾಡಿಗೆ ಬಸ್ಸು ಹತ್ತಿದರು. ಬಸ್ಸಿನ ಬಾಡಿಗೆ ಕಿಟ್‌ನಲ್ಲಿ ಸೇರಿಲ್ಲ.

ಸಾಧನ ಕೆಲಸ ಮಾಡದಿದ್ದಲ್ಲಿ

ಎನ್‌ಆರ್‌ಸಿಯ ಪಕ್ಕದಲ್ಲೇ ವಿದೇಶಿಯರ ನ್ಯಾಯಮಂಡಳಿ ಎಂಬ ಇನ್ನೊಂದು ಯಂತ್ರವಿದೆ. 2025ರಲ್ಲಿ ರದ್ದಾದ 1946ರ ವಿದೇಶಿಯರ ಕಾಯ್ದೆಯಂತೆ ಅಲ್ಲಿ ನೀವು ವಿದೇಶಿ ಎಂದು ಸರ್ಕಾರ ರುಜುವಾತು ಮಾಡಬೇಕಿರಲಿಲ್ಲ, ಅಲ್ಲವೆಂದು ನೀವೇ ಮಾಡಬೇಕಿತ್ತು. ಸೇನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬರನ್ನು 2019ರ ಮೇ ತಿಂಗಳಲ್ಲಿ ಈ ಯಂತ್ರ ವಿದೇಶಿ ಎಂದು ಸಾರಿ ಬಂಧನ ಕೇಂದ್ರಕ್ಕೆ ಕಳಿಸಿತು. ಪೊಲೀಸ್ ವರದಿಯಲ್ಲಿ ಅವರ ಕಸುಬು ಕೂಲಿ ಎಂದಿತ್ತು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಹೊರಬಂದರು.

ಈ ಯಂತ್ರದ ಬಿಡಿಭಾಗಗಳು ಬೇರೆ ರಾಜ್ಯಗಳಲ್ಲೂ ಸಿಗುತ್ತವೆ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲೊಂದನ್ನು ವಿದೇಶಿಯರನ್ನು ಇರಿಸಲೆಂದು ಸಜ್ಜುಗೊಳಿಸಲಾಯಿತು. ಮಕ್ಕಳು ಓದಲೆಂದು ಕಟ್ಟಿದ ಕಟ್ಟಡ. ಅದೇ ಸಾಕಾಯಿತು.

ಫಲಿತಾಂಶ ಓದುವ ಬಗೆ

2018ರ ಜುಲೈ 30ರ ಕರಡಿನಲ್ಲಿ 40,07,707 ಜನ ಹೊರಗುಳಿದಿದ್ದರು. 2019ರ ಆಗಸ್ಟ್ 31ರ ಕೊನೆಯ ಪಟ್ಟಿಯಲ್ಲಿ ಅದು 19,06,657ಕ್ಕೆ ಇಳಿಯಿತು. ಕಳ್ಳ ನುಸುಳಿದವರನ್ನು ಹಿಡಿಯಬೇಕು ಎಂದು ಒಂದು ತಲೆಮಾರು ಬೀದಿಯಲ್ಲಿ ಕೂಗಿದವರಿಗೆ ಈ ಸಂಖ್ಯೆ ಕಮ್ಮಿಯಾಯಿತು. ಬೇಡದವರು ಒಳಗೆ ಬಂದಿದ್ದಾರೆ, ಬೇಕಾದವರು ಹೊರಗೆ ಉಳಿದಿದ್ದಾರೆ ಎಂದು ರಾಜ್ಯದ ಆಳುವ ಪಕ್ಷವೇ ಗೊಣಗಿತು. ಮೊದಲಿಗೆ ಕೋರ್ಟಿಗೆ ಹೋಗಿ ಈ ಪಟ್ಟಿ ಕೇಳಿದ ಸಂಸ್ಥೆಯೂ ಮರುಪರಿಶೀಲನೆ ಬೇಕೆಂದಿತು. ತಕ್ಕಡಿ ತಂದವರೇ ತೂಕ ಒಪ್ಪದಿದ್ದರೆ ಕೈಪಿಡಿ ಬರೆಯುವವನು ಏನು ಮಾಡಿಯಾನು? ನನ್ನ ಮಟ್ಟಿಗೆ ಹೇಳುವುದಾದರೆ, ಇದು ಜನ ಎಲ್ಲಿಂದ ಬಂದರು ಎಂದು ಅಳೆಯಲೇ ಇಲ್ಲ. ಯಾರ ಮನೆಯಲ್ಲಿ ಗೆದ್ದಲು ಕಮ್ಮಿ ಎಂದು ಅಳೆಯಿತು.

ಖರ್ಚಿನ ಬಗ್ಗೆ ಒಂದು ಮಾತು. 2014ರಲ್ಲಿ 288 ಕೋಟಿ ರೂಪಾಯಿಯ ಅಂದಾಜಿದ್ದ ಯೋಜನೆ 2022ರ ಮಾರ್ಚ್ ಹೊತ್ತಿಗೆ 1,602 ಕೋಟಿಗೆ ಏರಿತು ಎಂದು ಸಿಎಜಿ ಬರೆದಿದೆ.

ವಾರಂಟಿ ಮತ್ತು ಮೇಲ್ಮನವಿ

ಹೊರಗುಳಿದವರು ತಿರಸ್ಕಾರದ ಆದೇಶ ಕೈಗೆ ಬಂದ 120 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಮರು ಅರ್ಜಿಯ ವೇಳೆ ಬೆರಳಚ್ಚು ಕೊಟ್ಟು ಆಧಾರ್ ಸಿಗದೆ ಉಳಿದವರ ಪೈಕಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಅದನ್ನು ಬಿಡಿಸಿ ಕೊಡುತ್ತೇವೆ ಎಂದು ಸರ್ಕಾರ ಹೇಳಿದ್ದು 2024ರ ಆಗಸ್ಟಿನಲ್ಲಿ. ಆ ಹೊತ್ತಿಗೆ ಪಟ್ಟಿಗೆ ಐದು ವರ್ಷ ತುಂಬುತ್ತಾ ಬಂದಿತ್ತು. ಭಾರತದ ರಿಜಿಸ್ಟ್ರಾರ್ ಜನರಲ್ ಇನ್ನೂ ಆ ಪಟ್ಟಿಯ ಅಧಿಸೂಚನೆ ಹೊರಡಿಸಿರಲಿಲ್ಲ, ತಿರಸ್ಕಾರದ ಆದೇಶಗಳನ್ನು ಹಂಚಿರಲಿಲ್ಲ, 120 ದಿನಗಳ ಮೊದಲ ದಿನವೂ ಶುರುವಾಗಿರಲಿಲ್ಲ.