ಬಿಳಿ ಜಾಗಕ್ಕೂ ರೊಕ್ಕಾನ?

ಬೆಟಗೇರಿಯ ಕೈಮಗ್ಗದ ಸೀರೆ ಅಂಗಡಿ. ವೆಬ್‌ಸೈಟಿನ ಹೊಸ ಮುಖಪುಟದ ಮಾದರಿ ಲ್ಯಾಪ್‌ಟಾಪಿನಲ್ಲಿ ತೆರೆದಿದೆ.

“ತಮ್ಮಾ, ಈ ಬಿಳಿ ಜಾಗ ಯಾಕ?”

“ಕಣ್ಣಿಗೆ ಆರಾಮ್ ರೀ.”

“ಆರಾಮಕ್ಕ ರೊಕ್ಕ ಕೊಡ್ಲೇನು? ಅಲ್ಲಿ ಗದಗಿನ ವೀರನಾರಾಯಣ ಗುಡಿ ಹಾಕು. ಮಗ್ಗಲಕ್ಕ ಲಕ್ಷ್ಮೇಶ್ವರದ ಸೋಮೇಶ್ವರ, ಶಿರಹಟ್ಟಿ ಫಕೀರೇಶ್ವರ ಮಠ. ಮುಂಡರಗಿಯವ್ರು ಸಿಟ್ಟಾಗ್ತಾರ, ಕಪ್ಪತಗುಡ್ಡ ಹಿಂದ ಇರ್ಲಿ.”

“ಸೀರಿ?”

“ಗುಡ್ಡಕ್ಕ ಹೊಚ್ಚು! ‘1905’ ಅಂತ ದಪ್ಪಗೆ ಬರಿ.”

“ಅಂಗಡಿ ಶುರುವಾದ ವರ್ಷಾನ್ರೀ?”

“ಅಲ್ಲೋ, ಕಣಗಿನಹಾಳ ಸಹಕಾರಿ ಸಂಘದ್ದು. ನಮ್ಮದು 1997, ಗದಗ ಜಿಲ್ಲಾ ಆದ ವರ್ಷದ್ದು. ಅದಕ್ಕ ತೂಕಿಲ್ಲ.”

(ಗದಗಿನ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆಗೆ ಅಚ್ಚುಮೊಳೆ ಜೋಡಿಸಿದವರಿಗೆ ಈ ಗಿರಾಕಿ ಹೊಸಬನಲ್ಲ.)

“ಇಷ್ಟೆಲ್ಲ ಮೊಬೈಲಿನಾಗ ಹಿಡಿಸೂದಿಲ್ರೀ.”

“ದೊಡ್ಡ ಮೊಬೈಲ್ ತಗೊಳ್ಳಾಕ ಹೇಳು. ಹಾಂ, ನನ್ನ ಫೋಟೊ ಗುಡಿಗಿಂತ ಚೂರು ದೊಡ್ಡದಿರ್ಲಿ.”